ಟಿಬಿ (ತುಂಗಭದ್ರಾ) ಡ್ಯಾಂ ಹಿನ್ನೀರಿನಲ್ಲಿ ವಿಂಗ್‌ಫಾಯಿಲ್ ಕಲಿಯಬಹುದಾ? ಗಂಗಾವತಿಯ ತಮ್ಮನಿಗೆ ಉತ್ತರ

ತಮ್ಮಾ, ನಿನ್ನ ಪೋಸ್ಟ್ ಕೆಳಗೆ "ಹುಚ್ಚು ಬಿಡಪ್ಪಾ" ಅಂತ ಬರೆದವರೇ ಜಾಸ್ತಿ ಇದ್ದಾರೆ. ನಾನು ಹಾಗೆ ಹೇಳಲ್ಲ. ನಿನ್ನ ತೂಕ 78 ಕೆಜಿ, ಬಾವಿಯಲ್ಲಿ ಈಜು ಕಲಿತವನು, ಯಾರೋ ಹಳೇ ಸೆಟ್ ಮಾರುತ್ತಿದ್ದಾರೆ, ಅದನ್ನು ತಗೊಂಡು ಜೂನ್‌ನಲ್ಲಿ ಟಿಬಿ ಡ್ಯಾಂ ಹಿನ್ನೀರಿಗೆ ಇಳಿಯಲಾ, ವಿಡಿಯೋ ನೋಡಿದರೆ ಸಾಕಾ ಅಂತ ಕೇಳಿದ್ದೀಯ. ನನ್ನ ಪ್ರಕಾರ ನೀನು ಇದನ್ನು ತಲೆಕೆಳಗು ಮಾಡಬೇಕು. ಗಾಳಿ ಓದುವುದು, ವಿಂಗ್ ಹಿಡಿಯುವುದು, ಇವೆರಡನ್ನು ಇಲ್ಲೇ ನೆಲದ ಮೇಲೆ ಕಲಿ. ಫಾಯಿಲ್ ಮೇಲೆ ಏಳುವುದನ್ನು ಸಮುದ್ರದಲ್ಲಿ ಹೇಳಿಕೊಡುವವರ ಹತ್ತಿರ ಕಲಿ. ಸೆಟ್ ಕೊಳ್ಳುವುದು ಆಮೇಲೆ. ಹಿನ್ನೀರು ಎಲ್ಲಕ್ಕಿಂತ ಕೊನೆ.

ಗುಂಪಿನಲ್ಲಿ ಇದನ್ನು ನೋಡದವರಿಗೆ ಎರಡು ಮಾತು. ಬೋರ್ಡ್‌ನ ಅಡಿಗೆ ಒಂದು ಉದ್ದ ಕಂಬ ಇರುತ್ತದೆ, ಅದಕ್ಕೆ ಮಾಸ್ಟ್ ಅಂತಾರೆ. ಅದರ ತುದಿಯಲ್ಲಿ ವಿಮಾನದ ರೆಕ್ಕೆ ಆಕಾರದ ಫಾಯಿಲ್. ಕೈಯಲ್ಲಿ ಗಾಳಿ ತುಂಬಿದ ಇನ್ನೊಂದು ರೆಕ್ಕೆ, ಅದೇ ವಿಂಗ್. ಗಾಳಿ ವಿಂಗನ್ನು ಎಳೆಯುತ್ತದೆ, ಬೋರ್ಡ್ ವೇಗ ಹಿಡಿಯುತ್ತದೆ, ಫಾಯಿಲ್ ನೀರಿನೊಳಗಿದ್ದು ಬೋರ್ಡನ್ನು ನೀರಿನಿಂದ ಮೇಲೆತ್ತುತ್ತದೆ. ಮೋಟಾರ್ ಇಲ್ಲ, ಕೈಟ್ ಸರ್ಫಿಂಗ್‌ನ ದೊಡ್ಡ ಗಾಳಿಪಟದ ಹಾಗೆ ಉದ್ದ ಹಗ್ಗಗಳೂ ಇಲ್ಲ.

ಮೊದಲು ಗಾಳಿ. ಕಲಿಯುವವನಿಗೆ 12ರಿಂದ 18 ನಾಟ್ ಬೇಕು. ಒಂದು ನಾಟ್ ಅಂದರೆ ಗಂಟೆಗೆ 1.85 ಕಿ.ಮೀ., ಹಾಗಾಗಿ ಗಂಟೆಗೆ ಸುಮಾರು 22ರಿಂದ 33 ಕಿ.ಮೀ. ಗಾಳಿ. ಮೊಬೈಲ್ ಆ್ಯಪ್ ನೋಡು, ಆದರೆ ಕಣ್ಣನ್ನೂ ಪಳಗಿಸು. ರಸ್ತೆ ದೂಳು ಏಳುತ್ತಿದೆ, ಕಾಗದ ಹಾರಾಡುತ್ತಿದೆ, ಸಣ್ಣ ರೆಂಬೆ ಅಲ್ಲಾಡುತ್ತಿವೆ ಅಂದರೆ ಗಾಳಿ ಸಾಕಷ್ಟಿದೆ. ಎಳೇ ಬೇವಿನ ಗಿಡ ಪೂರ್ತಿ ತೂಗಾಡುತ್ತಿದ್ದರೆ ಅದು ಹೊಸಬರ ಗಾಳಿ ಅಲ್ಲ, ಮನೆಗೆ ಹೋಗು. ನೀರಿನ ಮೇಲೆ ಅಲ್ಲಲ್ಲಿ ಬಿಳಿ ನೊರೆ ಕಾಣಿಸಿದರೆ 10 ನಾಟ್ ಆಸುಪಾಸು ಬಂದಿದೆ ಅಂತ ಲೆಕ್ಕ ಹಾಕು.

ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಗಾಳಿಗೆ ಬರ ಇಲ್ಲ. ಯಲಬುರ್ಗಾ, ಕುಷ್ಟಗಿ ಕಡೆ ಅಷ್ಟು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಆಷಾಢದ ಗಾಳಿ ಪಶ್ಚಿಮ, ನೈರುತ್ಯದಿಂದ ದಿನಗಟ್ಟಲೆ ಬೀಸುತ್ತದೆ. ಬೇಸಿಗೆ ಸಂಜೆಯ ಗಾಳಿ ಬೇರೆ ಜಾತಿ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನ ಸತ್ತು ಮಲಗಿದ ಗಾಳಿ ಸಂಜೆ ಮೋಡ ಕಟ್ಟಿದಾಗ ಐದು ನಿಮಿಷದಲ್ಲಿ ಬಿರುಗಾಳಿ ಆಗುತ್ತದೆ, ದಿಕ್ಕೂ ಬದಲಿಸುತ್ತದೆ, ಮೇಲೆ ಸಿಡಿಲು. ಮೋಡ ಕಪ್ಪಾಗುತ್ತಿದ್ದರೆ ನೀರಿನ ಹತ್ತಿರ ಹೋಗಲೇಬೇಡ.

ಈಗ ನೆಲದ ಪಾಠ. ಯಾರ ಹತ್ತಿರವಾದರೂ ಒಂದು ವಿಂಗ್ ಸಿಕ್ಕರೆ ಸಾಕು, ಬೋರ್ಡ್ ಬೇಡ. ಕಾಲೇಜು ಮೈದಾನ, ಖಾಲಿ ಬಯಲು, ಎಲ್ಲಾದರೂ ಸರಿ. ಕರೆಂಟ್ ತಂತಿ ಇರಬಾರದು, ಬಳ್ಳಾರಿ ಜಾಲಿ ಇರಬಾರದು. ಜಾಲಿ ಮುಳ್ಳು ವಿಂಗ್‌ಗೆ ಚುಚ್ಚಿತು ಅಂದರೆ ಒಳಗಿನ ಬ್ಲಾಡರ್ (ಗಾಳಿ ಚೀಲ) ತೂತು. ಅದನ್ನು ಪಂಕ್ಚರ್ ಅಂಗಡಿಗೆ ಮಾತ್ರ ಒಯ್ಯಬೇಡ. ಟೈರ್ ಟ್ಯೂಬ್‌ಗೆ ಕೊಡುವ ಬಿಸಿ ಪ್ಯಾಚ್ ಕೊಟ್ಟರೆ ಬ್ಲಾಡರ್ ಕರಗಿಹೋಗುತ್ತದೆ. ಅದಕ್ಕೆ ಅಂಟಿಸುವ ತೆಳು ಪ್ಯಾಚ್ ಬೇರೆ ಬರುತ್ತದೆ.

ರಾಶಿ ತೂರುವಾಗ ಗಾಳಿ ಎಲ್ಲಿಂದ ಅಂತ ನೋಡಿಕೊಂಡೇ ನಿಲ್ಲುತ್ತೇವಲ್ಲ, ಇಲ್ಲೂ ಮೊದಲ ಕೆಲಸ ಅದೇ. ಗಾಳಿಗೆ ಬೆನ್ನು ಕೊಟ್ಟು ನಿಂತು ವಿಂಗ್‌ನ ಮುಂದಿನ ದಪ್ಪ ಅಂಚಿನ ಹಿಡಿಕೆಯನ್ನು ಒಂದೇ ಕೈಯಲ್ಲಿ ಹಿಡಿ. ವಿಂಗ್ ಬಾವುಟದ ಥರ ಹಾರಾಡುತ್ತದೆ, ಎಳೆಯುವುದಿಲ್ಲ. ಗಾಬರಿ ಆದಾಗಲೆಲ್ಲ ವಾಪಸ್ ಬರಬೇಕಾದ ಜಾಗ ಇದು. ಆಮೇಲೆ ಗಾಳಿಗೆ ಅಡ್ಡ ತಿರುಗಿ, ಮುಂದಿನ ಕೈಯಿಂದ ವಿಂಗ್ ನಡುವೆ ಉದ್ದಕ್ಕೆ ಇರುವ ಗಾಳಿ ಟ್ಯೂಬಿನ ಮೊದಲ ಹಿಡಿಕೆ, ಹಿಂದಿನ ಕೈಯಿಂದ ಹಿಂದಿನ ಹಿಡಿಕೆ ಹಿಡಿ. ಹಿಂದಿನ ಕೈ ಎಳೆದರೆ ಶಕ್ತಿ ಬರುತ್ತದೆ, ಸಡಿಲ ಬಿಟ್ಟರೆ ಹೋಗುತ್ತದೆ. ಅದೇ ಆ್ಯಕ್ಸಿಲರೇಟರ್, ಅದೇ ಬ್ರೇಕ್. ಮುಂದಿನ ಕೈ ತಲೆಗಿಂತ ಮೇಲಿರಲಿ. ಕೈ ಕೆಳಗೆ ಬಂತೋ, ವಿಂಗ್‌ನ ತುದಿ ನೆಲಕ್ಕೆ ತಾಗುತ್ತದೆ. ನೀರಿನಲ್ಲಾದರೆ ಅದೇ ತುದಿ ನೀರಿಗೆ ಸಿಕ್ಕಿ, ವಿಂಗ್ ಮಗುಚಿ, ನೀನೂ ಮಗುಚುತ್ತೀಯ. ವಿಂಗ್ ಹಿಡಿದು ಮೈದಾನದ ಆ ತುದಿಯಿಂದ ಈ ತುದಿಗೆ ನಡೆ. ತಿರುಗುವಾಗ ತಲೆ ಮೇಲೆ ತಂದು ಕೈ ಬದಲಿಸು. ಕಣ್ಣು ವಿಂಗ್ ಮೇಲೆ ಇರಬಾರದು, ಹೋಗುವ ಕಡೆ ಇರಬೇಕು. ಇದು ಸಲೀಸಾಗಿ ಬಂದವನು ನೀರಿಗೆ ಹೋದಾಗ ಅರ್ಧ ಕೆಲಸ ಮುಗಿದಿರುತ್ತದೆ. ನೀರಲ್ಲಿ ನಿಂತು ವಿಂಗ್ ಕಲಿಯುವವನು ಕೋಚ್‌ಗೆ ಕೊಟ್ಟ ದುಡ್ಡನ್ನು ಮೈದಾನದ ಪಾಠಕ್ಕೆ ಸುರಿಯುತ್ತಾನೆ.

ನೀರಿನಲ್ಲಿ ಮೊದಲ ಹಂತ ಫಾಯಿಲ್ ಇಲ್ಲದೆ. ಅಗಲ ಇರುವ ಪ್ಯಾಡಲ್ ಬೋರ್ಡ್ (ನಿಂತು ಹುಟ್ಟು ಹಾಕುವ ಹಲಗೆ) ಮೇಲೆ ಮಂಡಿಯೂರಿ ಕೂತು, ವಿಂಗ್ ಹಿಡಿದು, ಗಾಳಿಗೆ ಅಡ್ಡ ಹೋಗಿ, ತಿರುಗಿ, ಹೊರಟ ಜಾಗಕ್ಕೇ ವಾಪಸ್ ಬರಬೇಕು. ವಾಪಸ್ ಬರುವುದೇ ಪರೀಕ್ಷೆ. ಹೊಸಬರೆಲ್ಲ ಗಾಳಿ ಹೋಗುವ ಕಡೆ ಜಾರಿಕೊಂಡೇ ಹೋಗುತ್ತಾರೆ. ಆಮೇಲೆ ಬೋರ್ಡ್ ಹೊತ್ತುಕೊಂಡು ದಡದಲ್ಲಿ ನಡೆದು ಬರುತ್ತಾರೆ, ಅದು ಮಾಮೂಲು. ನಡೆದು ಬರಲು ದಡವೇ ಇಲ್ಲದ ಕಡೆ ಕಲಿಯಬಾರದು ಅಷ್ಟೆ.

ಫಾಯಿಲ್ ಹಾಕಿದ ಮೇಲೆ ಆಟ ಬದಲಾಗುತ್ತದೆ. ಬೋರ್ಡ್ ನಡುವೆ ಮಂಡಿಯೂರಿ ಕೂತು ವಿಂಗ್‌ಗೆ ಗಾಳಿ ತುಂಬಿಸಿಕೊಂಡು ಸ್ವಲ್ಪ ವೇಗ ಬಂದ ಮೇಲೆ ಏಳು. ಏಳುವಾಗ ಬಹಳ ಜನ ಹಿಂದಿನ ಕೈ ಸಡಿಲ ಬಿಡುತ್ತಾರೆ, ಅಲ್ಲೇ ಬೀಳುತ್ತಾರೆ. ವಿಂಗ್ ನಿನ್ನ ಒಂದಷ್ಟು ಭಾರ ಹೊರುತ್ತಿರುತ್ತದೆ, ಅದಕ್ಕೆ ಜೋತುಬಿದ್ದೇ ಏಳಬೇಕು. ನಿಂತ ಮೇಲೆ ಮಂಡಿ ಬಗ್ಗಿರಲಿ. ವೇಗ ಬರುತ್ತಿದ್ದ ಹಾಗೆ ಅಲೆ ಬೋರ್ಡ್‌ನ ಅಡಿಗೆ ಪಟಪಟ ಬಡಿಯುವುದು ಕೇಳಿಸುತ್ತದೆ. ಆ ಸದ್ದು ಒಮ್ಮೆಲೇ ನಿಂತಿತು ಅಂದರೆ ಬೋರ್ಡ್ ಎದ್ದಿದೆ. ಖುಷಿಪಡಲು ಟೈಮ್ ಇಲ್ಲ, ಆ ಗಳಿಗೆಯಲ್ಲೇ ಮುಂದಿನ ಕಾಲಿಗೆ ಭಾರ ಹಾಕು. ವೇಗ ಹೆಚ್ಚಿದಂತೆ ಫಾಯಿಲ್ ಎತ್ತುವ ಬಲವೂ ಹೆಚ್ಚುತ್ತದೆ, ನಿನ್ನ ತೂಕ ಮಾತ್ರ ಅಷ್ಟೇ ಇರುತ್ತದೆ. ಒತ್ತದಿದ್ದರೆ ಬೋರ್ಡ್ ಏರುತ್ತಾ ಹೋಗಿ ಫಾಯಿಲ್ ನೀರಿಂದ ಹೊರಗೆ ಬಂದುಬಿಡುತ್ತದೆ, ಗಾಳಿ ಸೇರುತ್ತದೆ, ಎತ್ತುವ ಬಲ ಸೊನ್ನೆ, ಮೂತಿ ಮುಂದಾಗಿ ಬೀಳುವುದು. ಮೊದಮೊದಲು ಒಂದು ಗೇಣು ಎತ್ತರದಲ್ಲಿ ಹೋಗಿ ಬೇಕಂತಲೇ ಕೆಳಗಿಳಿಸು. ಏಳುವುದಕ್ಕಿಂತ ಇಳಿಸುವುದು ಕೈವಶವಾಗಬೇಕು.

ಬೀಳುವುದನ್ನೂ ಕಲಿಯಬೇಕು. ವಿಂಗ್ ಬಿಟ್ಟುಬಿಡು, ಕೈಗೋ ಸೊಂಟಕ್ಕೋ ಕಟ್ಟಿದ ಹಗ್ಗ (ಲೀಶ್) ಇರುತ್ತದೆ, ಎಲ್ಲೂ ಹೋಗಲ್ಲ. ಬೋರ್ಡ್‌ನಿಂದ ದೂರಕ್ಕೆ ಚಪ್ಪಟೆಯಾಗಿ ಬೀಳು. ತಲೆ ಮುಂದೆ ಮಾಡಿ ಧುಮುಕಬೇಡ, ಕಾಲು ನೇರ ಚಾಚಿ ಜಿಗಿಯಬೇಡ. ಮೇಲೆ ಬರುವಾಗ ಕೈ ತಲೆ ಮೇಲಿರಲಿ. ಫಾಯಿಲ್ ಅಂಚು ಚರ್ಮ ಸೀಳುವಷ್ಟು ಚೂಪು. ಹೆಲ್ಮೆಟ್, ಇಂಪ್ಯಾಕ್ಟ್ ವೆಸ್ಟ್ ಇಲ್ಲದೆ ಇಳಿಯುವವರ ಜೊತೆ ನೀನು ಇಳಿಯಬೇಡ. ಇಂಪ್ಯಾಕ್ಟ್ ವೆಸ್ಟ್ ಪೆಟ್ಟು ತಡೆಯುತ್ತದೆ, ಲೈಫ್ ಜಾಕೆಟ್‌ನಷ್ಟು ತೇಲಿಸುವುದಿಲ್ಲ. ಬಾವಿ ಈಜು ಒಳ್ಳೆಯದೇ, ಆದರೆ ಬಾವಿಯಲ್ಲಿ ನಾಲ್ಕು ಕೈ ಹೊಡೆದರೆ ಮೆಟ್ಟಿಲು ಸಿಗುತ್ತದೆ. ಅಲೆ ಮುಖಕ್ಕೆ ಹೊಡೆಯುವ ಬಯಲು ನೀರಿನಲ್ಲಿ ಅರ್ಧ ಗಂಟೆ ತಡೆಯಬೇಕು.

ಇನ್ನು ಹಿನ್ನೀರಿನ ವಿಷಯ. ಇದನ್ನು ಸ್ವಲ್ಪ ಗಮನ ಇಟ್ಟು ಓದು.

ತುಂಬಿದಾಗ ಟಿಬಿ ಡ್ಯಾಂ ನೀರು 378 ಚದರ ಕಿ.ಮೀ. ಹರಡಿಕೊಳ್ಳುತ್ತದೆ. ನೋಡಿದರೆ ಸಮುದ್ರವೇ, ಆಸೆ ಆಗುವುದು ಸಹಜ. ಆದರೆ ಜೂನ್‌ನಲ್ಲಿ ನೀರು ತಳದಲ್ಲಿರುತ್ತದೆ, ದಡ ಅಂದರೆ ಮೊಣಕಾಲು ಹೂಳು. ಮಾಸ್ಟ್ 70-85 ಸೆಂ.ಮೀ. ಉದ್ದ ಇರುತ್ತದೆ, ಎದೆಮಟ್ಟ ನೀರು ಇಲ್ಲದೆ ಫಾಯಿಲ್ ತಳಕ್ಕೆ ಬಡಿಯುತ್ತದೆ. ಅಲ್ಲಿವರೆಗೆ ಆ ಕೆಸರಿನಲ್ಲಿ ಬೋರ್ಡ್ ಹೊತ್ತು ನಡೆಯಬೇಕು. ನೀರು ತುಂಬುವುದು ಮಳೆಗಾಲ ಜೋರಾದ ಮೇಲೆ. ಆಗ ಗಾಳಿಯೂ ಇರುತ್ತದೆ, ಸರಿ. ಆದರೆ ಆ ಗಾಳಿ ಎಲ್ಲಿಗೆ ಹೋಗುತ್ತದೆ ಅಂತ ನಕ್ಷೆ ತೆಗೆದು ನೋಡು. ಜಲಾಶಯ ನೈರುತ್ಯದಿಂದ ಈಶಾನ್ಯಕ್ಕೆ ಚಾಚಿಕೊಂಡಿದೆ, ಅಣೆಕಟ್ಟು ಇರುವುದು ಈಶಾನ್ಯ ತುದಿಯಲ್ಲಿ. ಮುಂಗಾರಿನ ಗಾಳಿ ಜಾರುವ ಹೊಸಬನನ್ನು ತಳ್ಳುವುದು ಅಣೆಕಟ್ಟಿನ ಕಡೆಗೇ. ಅದೇ ಹೊತ್ತಿನಲ್ಲಿ 33 ಗೇಟ್‌ಗಳಲ್ಲಿ ಎಷ್ಟೋ ತೆರೆದಿರುತ್ತವೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿಹೋದದ್ದು ಎಲ್ಲರಿಗೂ ನೆನಪಿದೆಯಲ್ವಾ, ಆ ಸೆಳೆತದ ಹತ್ತಿರ ಯಾವ ವಿಂಗ್ ಏನು ಮಾಡುತ್ತದೆ? ಅಣೆಕಟ್ಟಿನ ಆಸುಪಾಸು ಇಳಿಯುವ ಮಾತೇ ಬೇಡ, ಬಿಡುವುದೂ ಇಲ್ಲ.

ಆಟ ಕೈಗೆ ಬಂದವರಿಗೆ ಮಾತ್ರ, ಡ್ಯಾಂನಿಂದ ಬಹಳ ಮೇಲೆ ಕೊಪ್ಪಳ ಬದಿಯಲ್ಲಿ, ಗಾಳಿ ದಡದ ಕಡೆಗೆ ಬೀಸುವಂಥ ಮೂಲೆ ಹುಡುಕಿದರೆ ಆದೀತು. ಅದಕ್ಕೂ ಮೊದಲು ಅನುಮತಿ ಕೇಳಬೇಕು. ಆ ದಂಡೆಯ ಮೀನುಗಾರರ ಜೊತೆ ಕೂತು ಚಹಾ ಕುಡಿಯಬೇಕು. ಅಣೆಕಟ್ಟು ಕಟ್ಟಿದಾಗ ಹತ್ತಾರು ಹಳ್ಳಿ ಮುಳುಗಿವೆ, ಗೋಡೆ ಎಲ್ಲಿ, ಮರದ ಬೊಡ್ಡೆ ಎಲ್ಲಿ ಅಂತ ಅವರಿಗೆ ಗೊತ್ತು. ಬಲೆ ಎಲ್ಲಿ ಬಿಟ್ಟಿದ್ದಾರೆ ಅಂತಲೂ ಅವರೇ ಹೇಳಬೇಕು. ಫಾಯಿಲ್ ಬಲೆಗೆ ಸಿಕ್ಕರೆ ನೀನು ಹಾರಿ ಬೀಳುತ್ತೀಯ, ಅವರ ಬಲೆ ಹರಿಯುತ್ತದೆ. ಎರಡೂ ಸರಿಯಲ್ಲ. ಒಬ್ಬನೇ ಹೋಗಬೇಡ, ದೋಣಿಯವರೊಬ್ಬರು ನೋಡುತ್ತಿರಲಿ.

ಸಾಣಾಪುರ ಕೆರೆ ಆಗುತ್ತಾ ಅಂತ ಇನ್ನೊಬ್ಬರು ಕೇಳಿದ್ದಾರೆ. ಆಗಲ್ಲ. ಸುತ್ತ ಬಂಡೆಗುಡ್ಡ, ಗಾಳಿ ಒಂದು ಗಳಿಗೆ ಸತ್ತು ಇನ್ನೊಂದು ಗಳಿಗೆ ಎಲ್ಲಿಂದಲೋ ನುಗ್ಗುತ್ತದೆ. ಮೇಲಾಗಿ ತೆಪ್ಪದಲ್ಲಿ ಪ್ರವಾಸಿಗರು ಇರುತ್ತಾರೆ. ಡ್ಯಾಂ ಕೆಳಗಿನ ನದಿಯೂ ಬೇಡ, ಮುದ್ಲಾಪುರದಿಂದ ಕಂಪ್ಲಿವರೆಗೆ ನೀರುನಾಯಿ ಸಂರಕ್ಷಿತ ಪ್ರದೇಶ, ಸಾಲದ್ದಕ್ಕೆ ತುಂಬಾ ಬಂಡೆ. ರಾಯಚೂರಿನ ಅಕ್ಕ ಕೃಷ್ಣಾ ನದಿ ಬಗ್ಗೆ ಕೇಳಿದ್ರು. ಅಕ್ಕಾರೇ, ಅಲ್ಲಿ ಮೊಸಳೆ ಇವೆ, ನಿಮಗೇ ಚೆನ್ನಾಗಿ ಗೊತ್ತು.

ಹಾಗಾದರೆ ಎಲ್ಲಿಗೆ? ನಾನು ರಾಮೇಶ್ವರ ಅಂತೀನಿ. ಕೈಟ್ ಸರ್ಫಿಂಗ್ ಕಲಿಸುವವರು ಅಲ್ಲಿ ವರ್ಷಗಳಿಂದ ಇದ್ದಾರೆ. ದ್ವೀಪದ ಒಂದು ಕಡೆ ಪಾಕ್ ಕೊಲ್ಲಿ, ಇನ್ನೊಂದು ಕಡೆ ಮನ್ನಾರ್ ಕೊಲ್ಲಿ. ಬೇಸಿಗೆಯಿಂದ ಸೆಪ್ಟೆಂಬರ್‌ವರೆಗೆ ನೈರುತ್ಯದ ಗಾಳಿ, ಚಳಿಗಾಲದಲ್ಲಿ ಈಶಾನ್ಯದ ಗಾಳಿ, ಯಾವುದು ಬೀಸಿದರೂ ಒಂದು ಕಡೆ ಸಮತಟ್ಟು ನೀರು ಸಿಗುತ್ತದೆ. 2025ರ ಏಪ್ರಿಲ್‌ನಲ್ಲಿ ಹೊಸ ಪಾಂಬನ್ ಸೇತುವೆ ತೆರೆದ ಮೇಲೆ ರೈಲು ಮತ್ತೆ ದ್ವೀಪದವರೆಗೂ ಹೋಗುತ್ತದೆ, ಹಾಗಾಗಿ ರಾಯಚೂರಿನಿಂದ ಚೆನ್ನೈಗೆ ಹೋಗಿ ಅಲ್ಲಿಂದ ಹಿಡಿದರಾಯಿತು. ಹೋಗುವ ಮುಂಚೆ ಫೋನ್ ಮಾಡಿ ಕೇಳು: ವಿಂಗ್‌ಫಾಯಿಲ್ ಕಲಿಸುವವರು ಆ ವಾರ ಇರುತ್ತಾರಾ, ಒಬ್ಬ ಕೋಚ್‌ಗೆ ಎಷ್ಟು ಜನ, ಎತ್ತಿಕೊಂಡು ಬರಲು ದೋಣಿ ಇದೆಯಾ, ನಿನ್ನ ತೂಕಕ್ಕೆ ತಕ್ಕ ಬೋರ್ಡ್ ಇದೆಯಾ. ದೋಣಿ ಇಲ್ಲ ಅಂದರೆ ಬೇರೆ ಕಡೆ ನೋಡು. ಒಂದೇ ದಿನಕ್ಕೆ ಹೋಗಬೇಡ, ಗಾಳಿ ಕೈಕೊಡುವ ದಿನಗಳೂ ಇರುತ್ತವೆ, ಕಡಿಮೆ ಅಂದರೂ ಒಂದು ವಾರ ಇಟ್ಟುಕೋ.

ಕೊನೆಗೆ ಆ ಹಳೇ ಸೆಟ್. ಹೊಸದು ಮೂರು ಲಕ್ಷದ ಆಸುಪಾಸು ಆಗುತ್ತದೆ, ಆಮದು ಸುಂಕ ಸೇರಿದರೆ ಅದಕ್ಕೂ ಮೇಲೆ. ಹಾಗಾಗಿ ಹಳೇದು ಹುಡುಕುವುದರಲ್ಲಿ ತಪ್ಪಿಲ್ಲ. ಆದರೆ ನಿನ್ನ ಪೋಸ್ಟ್‌ನಲ್ಲಿ ಬೋರ್ಡ್ 75 ಲೀಟರ್ ಅಂತ ಇದೆ. ನಿನ್ನ ತೂಕಕ್ಕೆ ಅದು ಪಳಗಿದವರ ಬೋರ್ಡ್, ನೀನು ಹತ್ತಿ ಕೂತರೆ ಮುಳುಗುತ್ತದೆ. ಹೊಸಬನಿಗೆ ತೂಕದ ಮೇಲೆ 30-40 ಲೀಟರ್ ಹೆಚ್ಚು ಬೇಕು, ಅಂದರೆ 110ರಿಂದ 120. ವಿಂಗ್ 5 ಚದರ ಮೀಟರ್ ಸಾಕು. ಫಾಯಿಲ್‌ನ ಮುಂದಿನ ರೆಕ್ಕೆ 1,800 ಚದರ ಸೆಂ.ಮೀ. ಹತ್ತಿರ ಇದ್ದರೆ ಕಡಿಮೆ ವೇಗಕ್ಕೇ ಎತ್ತುತ್ತದೆ.

ಬೇರೆ ಸೆಟ್ ಸಿಕ್ಕಿದಾಗ ವಿಂಗ್‌ಗೆ ಗಾಳಿ ತುಂಬಿಸಿ ಒಂದು ರಾತ್ರಿ ಬಿಡಲು ಹೇಳು. ಬೆಳಿಗ್ಗೆಗೆ ಮೆತ್ತಗಾಗಿದ್ದರೆ ಎಲ್ಲೋ ತೂತಿದೆ. ಬೋರ್ಡ್‌ನ ಅಡಿ ಮಾಸ್ಟ್ ಕೂರುವ ಕಡೆ ಬಿರುಕು ಇದೆಯಾ, ಮೇಲ್ಭಾಗ ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತದಾ ನೋಡು. ಮಾಸ್ಟ್ ಅಲ್ಯೂಮಿನಿಯಂ ಆಗಿದ್ದರೆ ಎಲ್ಲ ಸ್ಕ್ರೂ ನಿನ್ನ ಮುಂದೆಯೇ ಬಿಚ್ಚಿಸು. ಉಪ್ಪುನೀರಿನಲ್ಲಿ ಓಡಿದ ಮಾಲು ಆದರೆ ಸ್ಕ್ರೂ ಕಚ್ಚಿಕೊಂಡಿರುತ್ತವೆ, ಆಮೇಲೆ ಬಿಚ್ಚಲು ಹೋದರೆ ತಲೆಯೇ ಮುರಿಯುತ್ತದೆ. ಮನೆಗೆ ತಂದ ಮೇಲೆ ಗಾಳಿ ತುಂಬಿದ ವಿಂಗನ್ನು ನಮ್ಮ ಬಿಸಿಲಿನಲ್ಲಿ ಬಿಡಬೇಡ, ಒಳಗಿನ ಗಾಳಿ ಹಿಗ್ಗಿ ಹೊಲಿಗೆ ಬಿಡುತ್ತದೆ. ಅಡ್ವಾನ್ಸ್ ಕೊಡುವ ಮೊದಲು ಮಾಸ್ಟ್ ಬುಡದ ಫೋಟೋ, ಸ್ಕ್ರೂಗಳ ಫೋಟೋ ಇಲ್ಲಿ ಹಾಕು, ನೋಡಿ ಹೇಳ್ತೀನಿ.