ಐರಿಷ್ ಪಿಟೀಲಿಗೆ ಗಿಟಾರ್ ಪಕ್ಕವಾದ್ಯ: ಓದುಗರ ಪ್ರಶ್ನೆಗಳು, ನಮ್ಮ ಉತ್ತರ

ಪ್ರಶ್ನೆ: ಆರು ವರ್ಷದಿಂದ ಕರ್ನಾಟಕ ಶೈಲಿಯ ಪಿಟೀಲು ಕಲಿಯುತ್ತಿದ್ದೇನೆ. ಅದೇ ವಾದ್ಯದಲ್ಲಿ ಐರಿಷ್ ಟ್ಯೂನುಗಳನ್ನು ನುಡಿಸಬಹುದೇ? ಪ್ರಯತ್ನಿಸಿದರೆ ಕೇಳಲು ಬೇರೆ ಏನೋ ಆಗುತ್ತದೆ. — ಮೈಸೂರು

ಉತ್ತರ: ವಾದ್ಯ ಅದೇ. ಫಿಡಲ್ ಎಂಬ ಮಾತೇ ನಮ್ಮ ಬಾಯಲ್ಲಿ ಪಿಟೀಲು ಆಗಿದ್ದು. ಬದಲಾಗಬೇಕಾದ್ದು ಶ್ರುತಿ, ಕಮಾನು ಮತ್ತು ಗಮಕದ ಅಭ್ಯಾಸ.

ಮೊದಲು ಶ್ರುತಿ. ನಿಮ್ಮ ತಂತಿಗಳು ಸ-ಪ-ಸ-ಪ. ಅಲ್ಲಿನವು ದಪ್ಪ ತಂತಿಯಿಂದ ಜಿ, ಡಿ, ಎ, ಇ. ಡಿ ಯನ್ನು ಷಡ್ಜ ಎಂದಿಟ್ಟುಕೊಂಡರೆ ಮ-ಸ-ಪ-ರಿ. ಕಂಪನದ ಲೆಕ್ಕದಲ್ಲಿ 196, 293.7, 440 ಮತ್ತು 659.3 ಹರ್ಟ್ಸ್. ತಗ್ಗಿನ ಶ್ರುತಿಯಲ್ಲಿದ್ದ ಹಳೆಯ ತಂತಿಯನ್ನು ಒಂದೇ ಸಲಕ್ಕೆ ಏರಿಸಬೇಡಿ. ಇ ತಂತಿ ಹರಿಯುವುದು ಹೆಚ್ಚಾಗಿ ಹೀಗೆಯೇ. ಹೊಸ ಸೆಟ್ ಹಾಕಿ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಏರಿಸಿ, ಪ್ರತಿ ಸಲವೂ ಕುದುರೆ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಮುಂದಕ್ಕೆ ವಾಲಿದೆಯೇ ನೋಡಿ. ಏರಿಸುವಾಗ ತಂತಿ ಕುದುರೆಯ ತಲೆಯನ್ನು ಬಿರಡೆಯ ಕಡೆಗೆ ಎಳೆಯುತ್ತದೆ. ಗಮನಿಸದಿದ್ದರೆ ಕುದುರೆ ಬಾಗುತ್ತದೆ, ಇಲ್ಲವೇ ಬಿದ್ದೇ ಹೋಗುತ್ತದೆ.

ಕೇಳಲು ಬೇರೆ ಏನೋ ಆಗುವುದಕ್ಕೆ ಮುಖ್ಯ ಕಾರಣ ಎಡಗೈ. ಐರಿಷ್ ಪಿಟೀಲಿನಲ್ಲಿ ‘ರೋಲ್’ ಎಂಬ ಅಲಂಕಾರವಿದೆ. ಡಿ ತಂತಿಯ ಮೇಲೆ ಮೊದಲ ಬೆರಳಿನ ಇ ಸ್ವರವನ್ನೇ ತೆಗೆದುಕೊಳ್ಳಿ. ಮೂರು ಅಕ್ಷರದ ಕಾಲದಲ್ಲಿ, ಒಂದೇ ಕಮಾನಿನಲ್ಲಿ ಐದು ಸದ್ದು ಬರಬೇಕು: ಇ, ಮೂರನೇ ಬೆರಳಿನ ಒಂದು ಕ್ಷಣದ ತಟ್ಟು, ಮತ್ತೆ ಇ, ಮೊದಲ ಬೆರಳು ಎತ್ತಿ ಖಾಲಿ ತಂತಿಯ ಒಂದು ಮಿಣುಕು, ಮತ್ತೆ ಇ. ಬರಹದಲ್ಲಿ ಇದು ರಿ-ಮ-ರಿ-ಸ-ರಿ. ಆದರೆ ನಡುವಿನ ಮ ಮತ್ತು ಸ ಗಳು ಸ್ವರವಾಗಿ ಕೇಳಿಸಲೇಬಾರದು. ಅವು ಇರುವುದು ಇ ಸ್ವರವನ್ನು ಮೂರು ತುಂಡಾಗಿ ಕತ್ತರಿಸಲಿಕ್ಕೆ, ಅಷ್ಟೇ. ನಮ್ಮ ಕೈ ಇದನ್ನು ಜಾರು ಹಾಕಿ ತೂಗಿಬಿಡುತ್ತದೆ, ಆಗ ರೋಲ್ ಹೋಗಿ ಕಂಪಿತ ಬರುತ್ತದೆ. ಬೆರಳನ್ನು ತಂತಿಯ ಮೇಲೆ ಉಜ್ಜದೆ, ಬಿಸಿ ದೋಸೆಕಲ್ಲು ಮುಟ್ಟಿದವರಂತೆ ತಟ್ಟಿ ತೆಗೆಯಿರಿ. ಮೆಟ್ರೊನೋಮ್ ನಿಮಿಷಕ್ಕೆ 60ಕ್ಕೆ ಇಟ್ಟು, ಮೂರು ಇ ಗಳೂ ಮೂರು ಅಕ್ಷರದ ಮೇಲೆ ಸರಿಯಾಗಿ ಬೀಳುವವರೆಗೆ ವೇಗ ಹೆಚ್ಚಿಸಬೇಡಿ.

ಇನ್ನು ಕಮಾನು. ಇಡೀ ಕಮಾನು ಎಳೆಯುವುದು ಬೇಡ. ನಡುಭಾಗದಿಂದ ಮೇಲಿನ ಕೆಲವೇ ಇಂಚು ಸಾಕು. ನಾಲ್ಕರ ಗುಂಪಿನ ಕೊನೆಯ ಸ್ವರದಲ್ಲಿ ಕಮಾನು ತಿರುಗಿಸಿ, ಅದೇ ಎಳೆತದಲ್ಲಿ ಮುಂದಿನ ಗುಂಪಿನ ಮೊದಲ ಸ್ವರವನ್ನೂ ನುಡಿಸಿ. ತಾಳದ ಗೆರೆಯನ್ನು ಹೀಗೆ ದಾಟುವುದರಲ್ಲೇ ಆ ಸಂಗೀತದ ತೂಗಾಟವಿದೆ. ಐರ್ಲೆಂಡಿನಲ್ಲಿ ಊರಿಂದೂರಿಗೆ ಇದು ಬೇರೆ. ಡೊನೆಗಲ್‌ನವರು ಸ್ವರಕ್ಕೊಂದು ಕಮಾನು ಹಾಕುವುದು ಹೆಚ್ಚು, ಸ್ಲೈಗೋದವರು ಕಟ್ಟಿ ನುಡಿಸುವುದು ಹೆಚ್ಚು. ಒಂದನ್ನು ಹಿಡಿದು ಕಲಿಯಿರಿ.

ಪ್ರಶ್ನೆ: ಜಿಗ್, ರೀಲ್, ಸ್ಟ್ರ್ಯಾತ್‌ಸ್ಪೇ — ತಾಳದ ಭಾಷೆಯಲ್ಲಿ ಹೇಳಿ. — ಧಾರವಾಡ

ಉತ್ತರ: ಮೂರೂ ಕುಣಿತದ ಟ್ಯೂನಿನ ಬಗೆಗಳು. ಜಿಗ್ ಅಂದರೆ ತಕಿಟ ತಕಿಟ, ಬಾರಿಗೆ (ಬಾರ್ ಅಂದರೆ ಎರಡು ತಾಳದ ಗೆರೆಗಳ ನಡುವಿನ ಭಾಗ) ಎರಡು. ಸ್ಲಿಪ್ ಜಿಗ್‌ನಲ್ಲಿ ತಕಿಟ ಮೂರು ಸಲ. ರೀಲ್ ತಕದಿಮಿ ತಕದಿಮಿ. ಸ್ಟ್ರ್ಯಾತ್‌ಸ್ಪೇ ಸ್ಕಾಟ್ಲೆಂಡಿನದು, ರೀಲ್‌ಗಿಂತ ನಿಧಾನ. ಅಲ್ಲಿ ಗಿಡ್ಡ ಸ್ವರ ಮುಂದೆ ಬಂದು ಉದ್ದ ಸ್ವರ ಹಿಂದೆ ಬರುವ ಒಂದು ಚಿಟಿಕೆ ಇದೆ, ಅದಿಲ್ಲದೆ ಸ್ಟ್ರ್ಯಾತ್‌ಸ್ಪೇ ಇಲ್ಲ. ಸಾಮಾನ್ಯವಾಗಿ 8 ಬಾರಿನ ಎರಡು ಭಾಗ, ಒಂದೊಂದೂ ಎರಡು ಸಲ, ಒಟ್ಟು 32 ಬಾರ್.

ಪ್ರಶ್ನೆ: ಗಿಟಾರನ್ನು ‘ಡ್ಯಾಡ್‌ಗ್ಯಾಡ್’ ಶ್ರುತಿಗೆ ತರುವುದು ಹೇಗೆ? ತಂದ ಮೇಲೆ ನನ್ನ ಗಿಟಾರ್ ಝರ್ ಎನ್ನುತ್ತದೆ. — ಶಿವಮೊಗ್ಗ

ಉತ್ತರ: ಮೂರು ತಂತಿ ಇಳಿಸಿದರೆ ಮುಗಿಯಿತು. ಆರನೆಯ ಇ ಯನ್ನು ಡಿ ಗೆ, ಎರಡನೆಯ ಬಿ ಯನ್ನು ಎ ಗೆ, ಒಂದನೆಯ ಇ ಯನ್ನು ಡಿ ಗೆ, ಅಂದರೆ ತಲಾ ಎರಡು ಫ್ರೆಟ್‌ನಷ್ಟು (ಫ್ರೆಟ್ ಅಂದರೆ ಗಿಟಾರಿನ ಕುತ್ತಿಗೆಯ ಮೇಲಿನ ಅಡ್ಡಪಟ್ಟಿ). ದಪ್ಪದಿಂದ ಓದಿದರೆ ಡಿ-ಎ-ಡಿ-ಜಿ-ಎ-ಡಿ. ಇಂಗ್ಲೆಂಡಿನ ಗಿಟಾರ್ ವಾದಕ ಡೇವಿ ಗ್ರಹಾಂ 1960ರ ದಶಕದ ಆರಂಭದಲ್ಲಿ ಇದನ್ನು ಬಳಕೆಗೆ ತಂದರು. ಐರಿಷ್ ಸಂಗೀತದಲ್ಲಿ ಇದನ್ನು ಬೇರೂರಿಸಿದವರಲ್ಲಿ ಮಿಹಾಲ್ ಓ ಡೋನಲ್ ಪ್ರಮುಖರು. ಪಿಟೀಲುಗಾರ ಕೆವಿನ್ ಬರ್ಕ್ ಜೊತೆ 1979ರಲ್ಲಿ ಅವರು ತಂದ ‘ಪ್ರೊಮೆನಾಡ್’ ಆಲ್ಬಮ್ ಈ ಪಕ್ಕವಾದ್ಯಕ್ಕೆ ಒಳ್ಳೆಯ ಪಾಠ.

ಝರ್ ಎನ್ನುವುದು ಸಡಿಲವಾದ ಆರನೆಯ ತಂತಿ ಫ್ರೆಟ್‌ಗೆ ಬಡಿಯುವುದರಿಂದ. 12-53 ಸೆಟ್ (ಅಂಕಿಗಳು ತಂತಿಯ ದಪ್ಪ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ) ಇದ್ದರೆ ಇನ್ನೂ ದಪ್ಪದ 13-56 ಹಾಕಿ, ಅಥವಾ ಆ ತಂತಿಯನ್ನು ಮೆಲ್ಲಗೆ ಮೀಟಿ. ಮೀಟುಕಡ್ಡಿ 0.6ರಿಂದ 0.7 ಮಿಲಿಮೀಟರ್ ನೈಲಾನ್ ಇರಲಿ. ದಪ್ಪದ್ದಾದರೆ ಪಿಟೀಲಿನ ಮೇಲೆ ಮುಗಿಬೀಳುತ್ತದೆ.

ಆರನೆಯ ತಂತಿಯಿಂದ ಎಣಿಸಿ ಕೆಲವು ಹಿಡಿತ, ಅಂದರೆ ಕಾರ್ಡ್ (ಅಂಕಿ ಒತ್ತಬೇಕಾದ ಫ್ರೆಟ್, 0 ಅಂದರೆ ಖಾಲಿ ತಂತಿ): ಡಿ ಗೆ 0-0-0-2-0-0, ಜಿ ಗೆ 5-5-0-0-0-0, ಇ ಮೈನರ್‌ಗೆ 2-2-2-0-0-0, ಎ ಗೆ ಆರನೆಯದನ್ನು ಬಿಟ್ಟು 0-2-2-0-0. ಡಿ ಹಿಡಿತದಲ್ಲಿ ಇರುವುದು ಷಡ್ಜ ಮತ್ತು ಪಂಚಮ ಮಾತ್ರ; ಗಾಂಧಾರವೇ ಇಲ್ಲ. ತಂಬೂರಿಯಂತೆ ನಿಂತು, ಗಾಂಧಾರ ಯಾವುದೆಂದು ಹೇಳುವ ಹಕ್ಕನ್ನು ಪಿಟೀಲಿಗೆ ಬಿಟ್ಟುಕೊಡುತ್ತದೆ. ಈ ಶ್ರುತಿ ಅಲ್ಲಿ ಇಷ್ಟು ಹೊಂದಿಕೊಂಡಿದ್ದು ಅದಕ್ಕೇ.

ಕ್ಯಾಪೊ (ಎಲ್ಲ ತಂತಿಗಳನ್ನೂ ಒಂದೇ ಫ್ರೆಟ್‌ನಲ್ಲಿ ಒತ್ತಿಹಿಡಿಯುವ ಕ್ಲಿಪ್ಪು) ಹಾಕಿದರೆ ಅದೇ ಡಿ ಹಿಡಿತಗಳು 2ನೇ ಫ್ರೆಟ್‌ನಲ್ಲಿ ಇ, 5ರಲ್ಲಿ ಜಿ, 7ರಲ್ಲಿ ಎ ಆಗುತ್ತವೆ. ಕ್ಯಾಪೊ ಹಾಕಿದ ಮೇಲೆ ಶ್ರುತಿ ಇನ್ನೊಮ್ಮೆ ನೋಡಿ. ಸಡಿಲ ತಂತಿ ಅದರ ಒತ್ತಡಕ್ಕೆ ಸ್ವಲ್ಪ ಏರುತ್ತದೆ.

ಪ್ರಶ್ನೆ: ಎರಡು ಶಾರ್ಪ್ ಇರುವ ಟ್ಯೂನಿಗೆ ಡಿ ಮೇಜರ್ ಕಾರ್ಡ್‌ಗಳನ್ನು ಹಾಕಿದೆ. ಪಿಟೀಲು ನುಡಿಸುವ ಗೆಳತಿ ನಿಲ್ಲಿಸಿ, ಹೊಂದುತ್ತಿಲ್ಲ ಎಂದಳು. ತಪ್ಪೆಲ್ಲಿ? — ಬೆಂಗಳೂರು

ಉತ್ತರ: ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ನಮಗೆ ಅತಿ ಮುಖ್ಯ ಅನಿಸುವುದು ಇದು. ಶಾರ್ಪ್ (ಅರ್ಧ ಸ್ವರ ಏರಿಸಿದ ಸ್ವರ) ಎಣಿಸಿದ್ದೀರಿ, ಟ್ಯೂನ್ ಎಲ್ಲಿ ಬಂದು ನಿಲ್ಲುತ್ತದೆ ಎಂದು ನೋಡಿಲ್ಲ. ಎಫ್ ಶಾರ್ಪ್ ಮತ್ತು ಸಿ ಶಾರ್ಪ್ ಇರುವ ಅದೇ ಏಳು ಸ್ವರಗಳಲ್ಲಿ ನಾಲ್ಕು ಮನೆಗಳಿವೆ. ಡಿ ಯಲ್ಲಿ ನಿಂತರೆ ಡಿ ಮೇಜರ್. ಇ ಯಲ್ಲಿ ನಿಂತರೆ ಡೋರಿಯನ್. ಎ ಯಲ್ಲಿ ಮಿಕ್ಸೋಲಿಡಿಯನ್. ಬಿ ಯಲ್ಲಿ ಏಯೋಲಿಯನ್. ನಮ್ಮ ಗ್ರಹಭೇದ ಗೊತ್ತಿದ್ದವರಿಗೆ ಇದು ಹೊಸದಲ್ಲ: ಶಂಕರಾಭರಣದ ರಿಷಭವನ್ನು ಷಡ್ಜ ಮಾಡಿದರೆ ಖರಹರಪ್ರಿಯ, ಪಂಚಮವನ್ನು ಮಾಡಿದರೆ ಹರಿಕಾಂಭೋಜಿ, ಧೈವತವನ್ನು ಮಾಡಿದರೆ ನಠಭೈರವಿಯ ಸ್ವರಗಳು ಸಿಗುತ್ತವೆ. ಸ್ವರಸ್ಥಾನ ಮಾತ್ರ ಒಂದೇ. ರಾಗದ ನಡೆ ಬೇರೆ ಎಂಬುದು ನೆನಪಿರಲಿ.

ಪಾಶ್ಚಾತ್ಯ ಗಿಟಾರ್ ಪಾಠದ ಅಭ್ಯಾಸ ಕೈ ಕೊಡುವುದು ಇಲ್ಲಿ. ಎ ಯಲ್ಲಿ ನಿಲ್ಲುವ ಟ್ಯೂನಿಗೆ ಕೈ ತಾನಾಗಿ ಇ ಸೆವೆಂತ್‌ಗೆ ಹೋಗುತ್ತದೆ. ಅದರಲ್ಲಿ ಜಿ ಶಾರ್ಪ್ ಇದೆ; ಪಿಟೀಲು ನುಡಿಸುತ್ತಿರುವುದು ಬರಿಯ ಜಿ. ಅರ್ಧ ಸ್ವರದ ಅಂತರದಲ್ಲಿ ಎರಡೂ ಕಚ್ಚಾಡುತ್ತವೆ. ಆ ಜಾಗಕ್ಕೆ ಬೇಕಾದ್ದು ಜಿ ಕಾರ್ಡ್. ಹಾಗೆಯೇ ಇ ಡೋರಿಯನ್‌ಗೆ ಬಿ ಸೆವೆಂತ್ ಬೇಡ, ಡಿ ಸಾಕು. ಬಹಳಷ್ಟು ಇ ಡೋರಿಯನ್ ರೀಲ್‌ಗಳಿಗೆ ಇಷ್ಟರಿಂದ ಶುರುಮಾಡಬಹುದು: ಮೊದಲ 2 ಬಾರ್ ಇ ಮೈನರ್, 3 ಮತ್ತು 4 ಡಿ, 5 ಮತ್ತು 6 ಇ ಮೈನರ್, 7 ಡಿ, 8ನೆಯದರಲ್ಲಿ ಅರ್ಧ ಡಿ, ಅರ್ಧ ಇ ಮೈನರ್. ಟ್ಯೂನ್ ಬೇರೆ ಕಡೆ ಹೊರಟರೆ ಅದರ ಹಿಂದೆ ಹೋಗಿ. ಗೊತ್ತಾಗದಿದ್ದರೆ ಇ ಮತ್ತು ಬಿ ಎರಡೇ ಸ್ವರ ಹಿಡಿದು ನಿಲ್ಲಿ, ಯಾರಿಗೂ ತೊಂದರೆಯಿಲ್ಲ.

ಈ ತಪ್ಪಿಗೆ ನೂರು ವರ್ಷದ ಇತಿಹಾಸವಿದೆ. ಸ್ಲೈಗೋ ಮೂಲದ ಮೈಕೆಲ್ ಕೋಲ್ಮನ್ (1891–1945) ನ್ಯೂಯಾರ್ಕಿನಲ್ಲಿ ಕೊಟ್ಟ ಗ್ರಾಮಫೋನ್ ತಟ್ಟೆಗಳಲ್ಲಿ ಪಿಟೀಲು ಅಮೋಘ; ಹಲವು ತಟ್ಟೆಗಳಲ್ಲಿ ಪಿಯಾನೊ ಮಾತ್ರ ಟ್ಯೂನ್ ಅರಿಯದೆ ತನ್ನ ಪಾಡಿಗೆ ಹೋಗುತ್ತದೆ. ಕಿವಿಗೊಟ್ಟು ಕೇಳಿ. ಆಮೇಲೆ ಮಾರ್ಟಿನ್ ಹೇಯ್ಸ್ ಪಿಟೀಲಿಗೆ ಡೆನಿಸ್ ಕೇಹಿಲ್ ಗಿಟಾರ್ ಕೇಳಿ: ಕೆಲವು ಕಡೆ ಬಾರಿಗೆ ಒಂದೇ ಸ್ವರ, ಆದರೂ ಟ್ಯೂನ್ ಅರಳುತ್ತದೆ.

ಪ್ರಶ್ನೆ: ಜಿಗ್‌ಗೆ ಸ್ಟ್ರಮ್ ಮಾಡುವಾಗ ಲಯ ತಲೆಕೆಳಗಾಗುತ್ತದೆ. — ಹಾಸನ

ಉತ್ತರ: ನೀವು ಕೆಳಗೆ-ಮೇಲೆ-ಕೆಳಗೆ-ಮೇಲೆ ಎಂದು ಬಿಡದೆ ಹೋಗುತ್ತಿರಬೇಕು. ಹಾಗಾದರೆ ಎರಡನೆಯ ತಕಿಟದ ‘ತ’ ಮೇಲಿನ ಎಳೆತದಲ್ಲಿ ಬಂದು ಸೊರಗುತ್ತದೆ. ಕೆಳಗೆ-ಮೇಲೆ-ಕೆಳಗೆ, ಕೆಳಗೆ-ಮೇಲೆ-ಕೆಳಗೆ ಎಂದು ಹೊಡೆಯಿರಿ. ಎರಡು ಕೆಳಗೆ ಒಟ್ಟಿಗೆ ಬರುವಲ್ಲಿ ಕೈ ಬೇಗ ಮೇಲೆತ್ತಬೇಕು. ಮೊದಲು ಎಡಗೈಯಿಂದ ತಂತಿಗಳನ್ನು ಮುಚ್ಚಿ, ಬರೀ ಚಕ್-ಚಕ್ ಸದ್ದಿನಲ್ಲಿ ಹತ್ತು ನಿಮಿಷ ಮಾಡಿ.

ಪ್ರಶ್ನೆ: ಮುತ್ತುಸ್ವಾಮಿ ದೀಕ್ಷಿತರು ಐರಿಷ್ ಟ್ಯೂನಿಗೆ ಸಾಹಿತ್ಯ ರಚಿಸಿದ್ದು ನಿಜವೇ? — ಉಡುಪಿ

ಉತ್ತರ: ನಿಜ. ಅವರ ನೊಟ್ಟುಸ್ವರ ರಚನೆಗಳಲ್ಲಿ (ಪಾಶ್ಚಾತ್ಯ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದವು) ‘ವಂದೇ ಮೀನಾಕ್ಷಿ’ಯ ಮಟ್ಟು ‘ಲಿಮರಿಕ್’ ಎಂಬ ಐರಿಷ್ ಟ್ಯೂನಿನದು. ಕರ್ನಾಟಕ ಸಂಗೀತಕ್ಕೆ ಪಿಟೀಲನ್ನು ತಂದವರೆಂದು ಹೆಸರಾದ ಬಾಲುಸ್ವಾಮಿ ದೀಕ್ಷಿತರು ಅವರ ತಮ್ಮ. ಗಮಕವಿಲ್ಲದೆ ನುಡಿಸುವುದು ಕಷ್ಟ ಎನ್ನುವ ಮೈಸೂರಿನ ಓದುಗರು ನೊಟ್ಟುಸ್ವರಗಳಿಂದಲೇ ಕೈ ಪಳಗಿಸಬಹುದು.

ಪ್ರಶ್ನೆ: ಇಲ್ಲಿನ ಪಬ್ ಸೆಷನ್‌ಗೆ ಗಿಟಾರ್ ಹಿಡಿದು ಹೋಗಬೇಕೆಂದಿದ್ದೇನೆ. ಏನು ನೆನಪಿಡಬೇಕು? — ಡಬ್ಲಿನ್

ಉತ್ತರ: ಸೆಷನ್ ಅಂದರೆ ಪಬ್‌ನಲ್ಲಿ ಸೇರಿ ಒಟ್ಟಿಗೆ ಟ್ಯೂನ್ ನುಡಿಸುವ ಕೂಟ. ಮೊದಲ ಸಲ ಗಿಟಾರನ್ನು ಚೀಲದಲ್ಲೇ ಬಿಟ್ಟು ಕೇಳಿ. ಆಗಲೇ ಒಬ್ಬ ಗಿಟಾರ್‌ನವರಿದ್ದರೆ ನೀವು ನುಡಿಸಬೇಡಿ: ಒಬ್ಬರು ಜಿ ಹಿಡಿದಾಗ ಇನ್ನೊಬ್ಬರು ಇ ಮೈನರ್ ಹಿಡಿದರೆ ಇಬ್ಬರೂ ಸರಿಯಿದ್ದೂ ಒಟ್ಟು ಸದ್ದು ಕೆಸರಾಗುತ್ತದೆ. ಅವರು ಎದ್ದಾಗ ಕೇಳಿಕೊಂಡು ಕೂರಿ. ಟ್ಯೂನನ್ನು ಶುರುಮಾಡಿದ ಪಿಟೀಲುಗಾರರ ಕಮಾನಿನ ಕೈ ಕಾಣುವ ಜಾಗ ಆರಿಸಿ, ವೇಗ ಅವರದೇ ಇರಲಿ. ಮೊದಲ ಸುತ್ತು ಸುಮ್ಮನಿದ್ದು ಟ್ಯೂನ್ ಯಾವ ಸ್ವರದಲ್ಲಿ ನಿಂತಿತೆಂದು ಹಿಡಿಯಿರಿ. ಎರಡನೆಯ ಸುತ್ತಿನಲ್ಲಿ ಒಳಗೆ ಬನ್ನಿ.