ಮನೆಯಲ್ಲಿ ಮೂವರಿಗೆ ಸಕ್ಕರೆ ಕಾಯಿಲೆ: ವಂಶವಾಹಿ ಪರೀಕ್ಷೆ ಮಾಡಿಸಲೇ?

ಪ್ರಶ್ನೆ: ನನಗೆ 34 ವರ್ಷ. ಕಲಬುರಗಿಯ ನೆಹರು ಗಂಜಿನ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ತಂದೆಯವರಿಗೆ, ಸೋದರತ್ತೆಗೆ, ಅಣ್ಣನಿಗೆ ಸಕ್ಕರೆ ಕಾಯಿಲೆ ಇದೆ. ಕಳೆದ ವರ್ಷ ತಂದೆಯವರ ಕಾಲಿನ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಗಾಯಕ್ಕೆ ದಿನಾ ಪಟ್ಟಿ ಕಟ್ಟಿದವನು ನಾನೇ. ಉಗುಳನ್ನು ನಳಿಕೆಯಲ್ಲಿ ತುಂಬಿ ಕಳಿಸಿದರೆ ವಂಶವಾಹಿಗಳನ್ನು ನೋಡಿ ಮುಂದೆ ಬರುವ ರೋಗಗಳನ್ನು ಹೇಳುತ್ತಾರಂತೆ. ಮಾಡಿಸಲೇ?
— ಒಬ್ಬ ಓದುಗ, ಕಲಬುರಗಿ

ಉತ್ತರ: ಆ ಗಾಯವನ್ನು ಕೈಯಾರೆ ತೊಳೆದ ಮಗನಿಗೆ ಈ ಭಯ ಬರುವುದು ಸಹಜ. ಆದರೂ ಆ ಪರೀಕ್ಷೆಗೆ ಈಗ ಹಣ ಹಾಕಬೇಡಿ ಎಂದೇ ನನ್ನ ಸಲಹೆ.

ಕುಡಗೋಲು ಕಣದ ರಕ್ತಹೀನತೆ ಒಂದೇ ವಂಶವಾಹಿಯ ದೋಷದಿಂದ ಬರುವುದರಿಂದ ಅಲ್ಲಿ ಪರೀಕ್ಷೆಯ ಉತ್ತರ ಸ್ಪಷ್ಟವಾಗಿರುತ್ತದೆ. ನಡುವಯಸ್ಸಿನ ಮಧುಮೇಹ ಹಾಗಲ್ಲ. 2006ರಲ್ಲಿ ಐಸ್‌ಲ್ಯಾಂಡಿನ ವಿಜ್ಞಾನಿಗಳು ಟಿಸಿಎಫ್‌7ಎಲ್‌2 ಎಂಬ ವಂಶವಾಹಿಯಲ್ಲಿ ಈ ರೋಗದೊಂದಿಗೆ ನಂಟಿರುವ ಬದಲಾವಣೆಯನ್ನು ಗುರುತಿಸಿದರು. ಜನಸಾಮಾನ್ಯರಲ್ಲಿ ಕಾಣುವ ಇಂಥ ಬದಲಾವಣೆಗಳಲ್ಲಿ ಅದು ಅತಿ ಪ್ರಬಲವಾದವುಗಳಲ್ಲೊಂದು. ಆದರೂ ತಂದೆಯಿಂದಲೋ ತಾಯಿಯಿಂದಲೋ ಅದರ ಒಂದು ಪ್ರತಿ ಬಂದವರಲ್ಲಿ ರೋಗದ ಸಂಭವ ಹೆಚ್ಚುವುದು ಸುಮಾರು ಒಂದೂವರೆ ಪಟ್ಟು ಮಾತ್ರ. 25 ಲಕ್ಷಕ್ಕೂ ಹೆಚ್ಚು ಜನರ ಡಿಎನ್‌ಎಯನ್ನು ಹೋಲಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನವು ಮಧುಮೇಹಕ್ಕೆ ಸಂಬಂಧಿಸಿದ 611 ತಾಣಗಳನ್ನು, ಅಂದರೆ ಡಿಎನ್‌ಎಯ ಜಾಗಗಳನ್ನು, ಪಟ್ಟಿ ಮಾಡಿತು. ಅವುಗಳಲ್ಲಿ ಬಹುತೇಕದ ಪ್ರಭಾವ ತೀರಾ ಅಲ್ಪ. ಇನ್ಸುಲಿನ್ ಸ್ರವಿಸುವ ಕೆಲಸ ಎಲ್ಲಿ ಕೆಡುತ್ತದೆಂದು ತಿಳಿಯಲು, ಹೊಸ ಔಷಧಿಗಳ ದಾರಿ ಹುಡುಕಲು ಇಂಥ ಸಂಶೋಧನೆ ಅಮೂಲ್ಯವೇ ಸರಿ. ಆದರೆ ನಿಮಗೊಬ್ಬರಿಗೆ ಕಾಯಿಲೆ ಬಂದೇ ಬರುತ್ತದೆ ಅಥವಾ ಬರುವುದೇ ಇಲ್ಲ ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ಮೇಲಾಗಿ, ಇದುವರೆಗೆ ಇಂಥ ಅಧ್ಯಯನಗಳಲ್ಲಿ ಭಾಗವಹಿಸಿದವರಲ್ಲಿ ಹೆಚ್ಚಿನವರು ಯುರೋಪ್ ಮೂಲದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದ ಜೀನೋಮ್ ಇಂಡಿಯಾ ಯೋಜನೆಯು 10,000 ಭಾರತೀಯರ ಡಿಎನ್‌ಎ ಮಾಹಿತಿಯನ್ನು ಸಂಶೋಧಕರಿಗೆ ತೆರೆದಿಟ್ಟದ್ದು 2025ರ ಜನವರಿಯಲ್ಲಷ್ಟೇ.

ಅಣ್ಣನವರಿಗೆ 25 ವರ್ಷದೊಳಗೆ, ಮೈ ತೆಳ್ಳಗಿದ್ದಾಗಲೇ ಕಾಯಿಲೆ ಕಾಣಿಸಿಕೊಂಡಿತ್ತೇ? ಹಾಗಿದ್ದರೆ ಮಾತು ಬೇರೆ. ಅದು ಒಂದೇ ವಂಶವಾಹಿಯಿಂದ ಬರುವ ‘ಮೋಡಿ’ ಎಂಬ ವಿರಳ ಬಗೆಯಾಗಿರಬಹುದು. ಆಗ ತಜ್ಞರ ಸಲಹೆಯಂತೆ ಮೊದಲು ಅಣ್ಣನವರಿಗೇ ವಂಶವಾಹಿ ಪರೀಕ್ಷೆ ಮಾಡಿಸುವುದರಿಂದ ಔಷಧಿಯೇ ಬದಲಾಗಬಹುದು.

ಇಲ್ಲವಾದರೆ, ಮನೆಯವರಲ್ಲಿ ಯಾರಿಗೆ ಯಾವ ವಯಸ್ಸಿನಲ್ಲಿ ಕಾಯಿಲೆ ಶುರುವಾಯಿತೆಂದು ಒಂದು ಹಾಳೆಯಲ್ಲಿ ಬರೆದುಕೊಂಡು ವೈದ್ಯರ ಬಳಿ ಹೋಗಿ, ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಫಲಿತಾಂಶ 5.7ರಿಂದ 6.4ರ ನಡುವೆ ಬಂದರೆ ನೀವು ಕಾಯಿಲೆಯ ಹೊಸ್ತಿಲಲ್ಲಿದ್ದೀರಿ ಎಂದರ್ಥ, ಆದರೆ ಇನ್ನೂ ಒಳಗೆ ಕಾಲಿಟ್ಟಿಲ್ಲ. ಹೀಗೆ ಹೊಸ್ತಿಲಲ್ಲಿದ್ದವರ ಮೇಲೆ ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಡಿಗೆ ಮತ್ತು ಆಹಾರದ ಬದಲಾವಣೆಯೊಂದರಿಂದಲೇ ಮಧುಮೇಹಕ್ಕೆ ತುತ್ತಾಗುವ ಸಂಭವ ಶೇ 28.5ರಷ್ಟು ತಗ್ಗಿತ್ತು. ತೊಗರಿಯ ಆವಕ ಶುರುವಾದರೆ ಗಂಜಿನಲ್ಲಿ ನಿಮಗೆ ಬಿಡುವು ಸಿಗಲಿಕ್ಕಿಲ್ಲ. ಅದಕ್ಕೂ ಮೊದಲೇ ಒಂದು ಬೆಳಿಗ್ಗೆ ಹೋಗಿ ರಕ್ತ ಕೊಟ್ಟು ಬನ್ನಿ.