ಓದುಗರ ಪ್ರಶ್ನೆ: ಶಿಬಿರಕ್ಕೆ ಹೋದರೆ ಓದು ಕೆಡುವುದೇ?

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಕಾಲೇಜೊಂದರಲ್ಲಿ ಬಿ.ಎಸ್‌ಸಿ. ಎರಡನೇ ವರ್ಷದ ವಿದ್ಯಾರ್ಥಿನಿ. ರಸಾಯನಶಾಸ್ತ್ರ ನನ್ನ ಮುಖ್ಯ ವಿಷಯ. ಮುಂದಿನ ತಿಂಗಳು ಪಾವಗಡ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕದ ಏಳು ದಿನಗಳ ಶಿಬಿರವಿದೆ. ‘ಚರಂಡಿ ತೆಗೆಯುವುದಕ್ಕೆ ಬಿ.ಎಸ್‌ಸಿ. ಓದಬೇಕೇ?’ ಎಂದು ತಂದೆಯವರು ಕೇಳುತ್ತಾರೆ. ಸೇವೆಯನ್ನೂ ಓದನ್ನೂ ಜೊತೆಗೂಡಿಸಲು ಸಾಧ್ಯವೇ?

ಉತ್ತರ: ನಿಮ್ಮ ತಂದೆಯವರ ಮಾತಿನಲ್ಲಿ ಹುರುಳಿದೆ, ಅದನ್ನು ತಳ್ಳಿಹಾಕಬೇಡಿ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ, 1969ರ ಸೆಪ್ಟೆಂಬರ್ 24ರಂದು, ರಾಷ್ಟ್ರೀಯ ಸೇವಾ ಯೋಜನೆಯನ್ನು 37 ವಿಶ್ವವಿದ್ಯಾಲಯಗಳಲ್ಲಿ ಆರಂಭಿಸಿದವರು ಅಂದಿನ ಕೇಂದ್ರ ಶಿಕ್ಷಣ ಸಚಿವರೂ ಬಳ್ಳಾರಿಯ ಲೋಕಸಭಾ ಸದಸ್ಯರೂ ಆಗಿದ್ದ ಅರ್ಥಶಾಸ್ತ್ರಜ್ಞ ಡಾ. ವಿ.ಕೆ.ಆರ್.ವಿ. ರಾವ್. ಸೇವೆಯ ಮೂಲಕ ವಿದ್ಯಾರ್ಥಿ ಕಲಿಯಬೇಕು, ಬೆಳೆಯಬೇಕು ಎಂಬುದೇ ಯೋಜನೆಯ ಮೂಲ ಉದ್ದೇಶ. ಆದರೆ ವರ್ಷಕ್ಕೆ 120, ಎರಡು ವರ್ಷಕ್ಕೆ 240 ಗಂಟೆ ಎಂಬ ಲೆಕ್ಕ ಮಾತ್ರ ಕಡತದಲ್ಲಿ ಭದ್ರವಾಗಿ ಉಳಿದು, ಆ ಗಂಟೆಗಳಲ್ಲಿ ಕಲಿತದ್ದೇನು ಎಂದು ಕೇಳುವವರು ಅನೇಕ ಕಡೆ ಇಲ್ಲವಾಗಿದ್ದಾರೆ.

ನಾನು ವಿದ್ಯಾರ್ಥಿಯಾಗಿದ್ದಾಗ ಇಂಥದೇ ಶಿಬಿರದಲ್ಲಿ ಮೂರು ದಿನ ಬೆವರು ಸುರಿಸಿ ಒಂದು ಚರಂಡಿ ತೋಡಿದೆವು. ನಾಲ್ಕನೆಯ ದಿನ ಮಳೆ ಬಂದು ನೀರು ಮುಂದಕ್ಕೆ ಹರಿಯದೆ ಒಂದು ಮನೆಯ ಜಗಲಿಗೆ ನುಗ್ಗಿತು. ಊರಿನ ಗಾರೆ ಮೇಸ್ತ್ರಿ ನಕ್ಕು, ನೀರು ತುಂಬಿದ ಪಾರದರ್ಶಕ ಪೈಪನ್ನು ತಂದು ಎರಡು ತುದಿಗಳಲ್ಲಿ ಹಿಡಿಸಿ, ಇಳಿಜಾರು ತಲೆಕೆಳಗಾಗಿರುವುದನ್ನು ತೋರಿಸಿಕೊಟ್ಟರು. ದ್ರವದ ಮಟ್ಟದ ಪಾಠವನ್ನು ಓದಿ ಅಂಕ ಗಳಿಸಿದ ಭೌತಶಾಸ್ತ್ರದ ವಿದ್ಯಾರ್ಥಿಗಳು ನಮ್ಮಲ್ಲಿ ಆರು ಮಂದಿ ಇದ್ದೆವು!

ನಿಮಗಂತೂ ವಿಷಯ ಕೈಯಳತೆಯಲ್ಲೇ ಇದೆ. ಪಾವಗಡದ ಕೊಳವೆಬಾವಿಗಳ ನೀರಿನಲ್ಲಿ, ಮಿತಿ ಮೀರಿದರೆ ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡ್ ಇರುವ ಸಂಗತಿ ಹಳೆಯದು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ನಿಗದಿಪಡಿಸಿದ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರಿನ ಮೂಲವೇ ಇಲ್ಲದ ಕಡೆ 1.5ರವರೆಗೆ ಒಪ್ಪಬಹುದು. ಅಧ್ಯಾಪಕರ ಒಪ್ಪಿಗೆ ಪಡೆದು ಊರಿನ ಕೊಳವೆಬಾವಿಗಳಿಂದ ಮಾದರಿ ಸಂಗ್ರಹಿಸಿರಿ. ಪಂಪನ್ನು ಕೆಲವು ನಿಮಿಷ ಓಡಿಸಿದ ಮೇಲೆ, ಅದೇ ನೀರಿನಿಂದ ಬಾಟಲಿಯನ್ನು ಎರಡು ಮೂರು ಸಲ ತೊಳೆದು ತುಂಬಿಸಬೇಕು. ಫ್ಲೋರೈಡ್ ಗಾಜಿನೊಡನೆ ವರ್ತಿಸುವುದರಿಂದ ಪ್ಲಾಸ್ಟಿಕ್ ಬಾಟಲಿಯನ್ನೇ ಬಳಸಬೇಕು. ಕಾಲೇಜಿಗೆ ಮರಳಿ ಪ್ರಯೋಗಾಲಯದಲ್ಲಿ ಅಳೆದರೆ, ರೆಕಾರ್ಡ್ ಪುಸ್ತಕದಲ್ಲಿ ಬರೆಯುವ ಅಂಕಿಯ ಹಿಂದೆ ನೀವು ಕಂಡ ಮನೆಗಳಿರುತ್ತವೆ. ಶುದ್ಧ ಕುಡಿಯುವ ನೀರಿನ ಘಟಕವಿದ್ದರೆ ಅದು ಓಡುತ್ತಿದೆಯೇ, ಕ್ಯಾನ್ ಹೊತ್ತು ತರುವವರು ಯಾರು, ಅಡುಗೆಗೆ ಯಾವ ನೀರು ಎಂದು ವಿಚಾರಿಸುವ ಕೆಲಸವನ್ನು ಅರ್ಥಶಾಸ್ತ್ರದ ಸಹಪಾಠಿಗಳಿಗೆ ವಹಿಸಿರಿ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಮರುಪರೀಕ್ಷೆಯಾಗದೆ ‘ನಿಮ್ಮ ನೀರು ವಿಷ’ ಎಂದು ಯಾರ ಮುಂದೆಯೂ ಹೇಳಬಾರದು. ಹಾಗೆಂದು ಅಳೆದುಕೊಂಡು ಸುಮ್ಮನೆ ಹೋಗಿಬಿಡುವಂತೆಯೂ ಇಲ್ಲ. ‘ಹೋದ ವರ್ಷಾನೂ ಬಂದು ಬರ್ಕೊಂಡು ಹೋದ್ರಲ್ಲ, ಏನಾಯ್ತವ್ವಾ?’ ಎಂದು ಯಾವುದಾದರೂ ಅಜ್ಜಿ ಕೇಳಿದರೆ ಉತ್ತರ ಕೊಡಬೇಕಾದವರು ನೀವೇ.

ಹಾಜರಾತಿಯ ವಿಚಾರವನ್ನು ಕಾರ್ಯಕ್ರಮಾಧಿಕಾರಿಗಳೊಡನೆ ಶಿಬಿರಕ್ಕೆ ಮೊದಲೇ ಇತ್ಯರ್ಥಪಡಿಸಿಕೊಳ್ಳಿ, ಬಂದ ಮೇಲೆ ಅಲ್ಲ.

ಪ್ರಶ್ನೆ: ಸೇವೆಗೆ ಅಂಕ ಕೊಡುವುದು ಸರಿಯೇ? ಅಂಕದ ಆಸೆಗೆ ಮಾಡಿದ್ದು ಸೇವೆಯಾದೀತೇ? (ಉಪನ್ಯಾಸಕರೊಬ್ಬರು, ಹಾಸನ)

ಉತ್ತರ: ಗುದ್ದಲಿ ಹಿಡಿದ ಗಂಟೆಗಳಿಗೆ ಕೊಡಬೇಡಿ, ಕಲಿತದ್ದಕ್ಕೆ ಕೊಡಿ. ನಮ್ಮ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕಾಗಿ ಹಳ್ಳಿಗಳಲ್ಲಿ ತಂಗುವುದು ಪಠ್ಯಕ್ರಮದ ಭಾಗವೇ ಆಗಿದ್ದು, ಅದಕ್ಕೆ ಮೌಲ್ಯಮಾಪನವೂ ಉಂಟು. ಇದರಿಂದ ರೈತರಿಗೆ ಅಪಚಾರವಾಯಿತೆಂದು ಯಾರೂ ದೂರಿದ್ದನ್ನು ನಾನು ಕೇಳಿಲ್ಲ. ವಿದ್ಯಾರ್ಥಿ ಬರೆದ ದಿನಚರಿಯನ್ನು ಓದಿ, ಅದರಲ್ಲಿ ‘ಊರಿನವರು ಸಹಕರಿಸಿದರು’ ಎಂಬ ಒಣ ವಾಕ್ಯವಷ್ಟೇ ಇದ್ದರೆ ಮರಳಿಸಿ. ಯಾರು, ಹೇಗೆ, ಯಾವ ಪ್ರಶ್ನೆ ಕೇಳಿದರು ಎಂದು ಮತ್ತೆ ಬರೆಯಿಸಿ. ಅಂಕಪಟ್ಟಿ ವಿಶ್ವವಿದ್ಯಾಲಯಕ್ಕೆ ಹೋಗುವ ಮೊದಲು, ಸಮೀಕ್ಷೆಯ ಪ್ರತಿಯೊಂದು ಆ ಊರಿನ ಗ್ರಾಮ ಪಂಚಾಯಿತಿಗೆ ತಲುಪಿದೆಯೇ ಎಂಬುದನ್ನೂ ನೋಡಿಕೊಳ್ಳಿ.